ತಿದ್ದುವ ಅಧಿಕಾರ ಯಾರದು? (ಯೂರೋಪಿನ ಮತಸುಧಾರಣೆಯ ಚರಿತ್ರೆಯಿಂದ ಒಂದು ಪಾಠ)

ಕಳೆದ ತಿಂಗಳು ಒಂದು ಸಂಜೆ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳ ಮೇಜಿನ ಸುತ್ತ ನಾಲ್ಕಾರು ಮಂದಿ ಕೂತಿದ್ದಾಗ, ಮೊದಲನೆಯ ಪಾಳಿ ಮುಗಿಸಿ ಬಂದ ಮಿತ್ರರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ಚಾಳಿನಲ್ಲಿ ಮಂಗಳೂರಿನ ಕಡೆಯ ಎರಡು ಕ್ರೈಸ್ತ ಕುಟುಂಬಗಳಿವೆ. ಇಬ್ಬರೂ ಪೂಜಿಸುವುದು ಕ್ರಿಸ್ತನನ್ನೇ. ಆದರೆ ಭಾನುವಾರ ಬಂತೆಂದರೆ ಒಂದು ಮನೆಯವರು ಒಂದು ದಿಕ್ಕಿಗೆ, ಇನ್ನೊಂದು ಮನೆಯವರು ಇನ್ನೊಂದು ದಿಕ್ಕಿಗೆ. "ಒಬ್ಬರು ಇಗರ್ಜಿ ಅಂತಾರೆ, ಒಬ್ಬರು ದೇವಾಲಯ ಅಂತಾರೆ. ಏನು ಸ್ವಾಮಿ ಇದು, ನಮ್ಮಲ್ಲಿ ವಡಗಲೆ ತೆಂಗಲೆ ಇದ್ದ ಹಾಗೆಯೋ?" ಎಂದರು.

ಸ್ವಲ್ಪ ಮಟ್ಟಿಗೆ ಹಾಗೆಯೇ. ಆದರೆ ಅದು ಒಂದು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ. ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಅದನ್ನೇ ಎತ್ತಿಕೊಂಡಿದ್ದೇನೆ.

ಶಾಲೆಯ ಚರಿತ್ರೆಯಲ್ಲಿ ನಾವೆಲ್ಲ ಓದಿದ್ದು ಇಷ್ಟು: ಪಾದ್ರಿಗಳು ಕೆಟ್ಟುಹೋಗಿದ್ದರು, ಹಣ ತೆಗೆದುಕೊಂಡು ಪಾಪಕ್ಕೆ ಕ್ಷಮಾಪತ್ರ ಮಾರುತ್ತಿದ್ದರು, ಮಾರ್ಟಿನ್ ಲೂಥರ್ ಎಂಬ ಸಂನ್ಯಾಸಿ ಅದನ್ನು ಖಂಡಿಸಿ ಎದ್ದನು, ಕ್ರೈಸ್ತ ಸಭೆ ಎರಡಾಯಿತು. ಇದು ಸುಳ್ಳಲ್ಲ, ಅರ್ಧ ನಿಜ. ಪಾದ್ರಿಗಳ ನಡತೆ ಸರಿಯಿಲ್ಲವೆಂದು ಲೂಥರನಿಗಿಂತ ಬಹಳ ಹಿಂದಿನಿಂದಲೇ ಎಲ್ಲರೂ ಹೇಳುತ್ತಿದ್ದರು. ರೋಮಿನ ಒಳಗಿನವರೇ ಹೇಳುತ್ತಿದ್ದರು. ನಡತೆಯ ದೂರಿನಿಂದ ಸಭೆ ಒಡೆಯಲಿಲ್ಲ. ಅದನ್ನು ಒಡೆದದ್ದು ಬೇರೆ ಎರಡು ಪ್ರಶ್ನೆಗಳು. ಮತದ ತತ್ತ್ವ ಏನು ಹೇಳುತ್ತದೆ? ಅದು ಹೀಗೆ ಎಂದು ತೀರ್ಪು ಕೊಡುವ ಅಧಿಕಾರ ಯಾರದು? ಇವೆರಡೂ ಒಂದಕ್ಕೊಂದು ಹೆಣೆದುಕೊಂಡ ಬಗೆಯನ್ನು ನೋಡೋಣ.

ಮೊದಲು ಆ ಕ್ಷಮಾಪತ್ರದ ಸಂಗತಿ. ಅದನ್ನು ಬರಿಯ ಮೋಸವೆಂದು ತಿಳಿಯಬಾರದು. ಅದರ ಹಿಂದೆ ಒಂದು ತತ್ತ್ವವಿತ್ತು. ಪಾಪ ಮಾಡಿದವನು ಪಾದ್ರಿಯ ಮುಂದೆ ಅದನ್ನು ಒಪ್ಪಿಕೊಳ್ಳಬೇಕು. ಪಾದ್ರಿ ಕ್ಷಮೆಯನ್ನು ನುಡಿಯುತ್ತಾನೆ. ಅಲ್ಲಿಗೆ ನರಕದ ಭಯ ತೀರಿತು. ಆದರೆ ತಪ್ಪಿಗೆ ತಕ್ಕ ಪ್ರಾಯಶ್ಚಿತ್ತ ಬಾಕಿ ಇದ್ದೇ ಇರುತ್ತದೆ. ಅಂಗಡಿಯ ಶೆಟ್ಟರು ನಮ್ಮ ಮೇಲಿನ ಸಿಟ್ಟು ಬಿಟ್ಟ ಮಾತ್ರಕ್ಕೆ ಉದ್ರಿ ಪುಸ್ತಕದ ಬಾಕಿ ಹೋಗಿಬಿಡುತ್ತದೆಯೆ? ಬದುಕಿದ್ದಾಗ ತೀರದ ಬಾಕಿಯನ್ನು ಸತ್ತ ಮೇಲೆ 'ಪರ್ಗಟರಿ' ಎಂಬ ಶುದ್ಧೀಕರಣ ಸ್ಥಳದಲ್ಲಿ ಅನುಭವಿಸಿ ತೀರಿಸಬೇಕು. ಕ್ರಿಸ್ತನ ಮತ್ತು ಸಂತರ ಪುಣ್ಯವೆಲ್ಲ ಒಂದು ಭಂಡಾರವಾಗಿ ಸಭೆಯ ವಶದಲ್ಲಿದೆ, ಅದರಿಂದ ತೆಗೆದು ಈ ಬಾಕಿಗೆ ಜಮೆ ಮಾಡಬಹುದು ಎಂದು 1343ರಲ್ಲಿ ಪೋಪ್ ಆರನೆಯ ಕ್ಲೆಮೆಂಟನು ಸಾರಿದ್ದನು. 1476ರಲ್ಲಿ ಪೋಪ್ ನಾಲ್ಕನೆಯ ಸಿಕ್ಸ್ಟಸನು ಇದನ್ನು ಸತ್ತವರ ಹೆಸರಿಗೂ ವಿಸ್ತರಿಸಿದನು. ಸತ್ತ ತಾಯಿಯ ಹೆಸರಿನಲ್ಲಿ ನಾಲ್ಕು ಕಾಸು ಕೊಟ್ಟರೆ ಆಕೆಯ ಸಂಕಟ ಕಡಿಮೆಯಾಗುತ್ತದೆ ಎಂದರೆ ಕೊಡದ ಮಗ ಯಾರು? ಬಡವರ ಮನೆಯ ಹಣ ಅಲ್ಲಿಂದ ಹೊರಟಿತು.

ಲೆಕ್ಕಪತ್ರ ಬರೆಯುವ ನಮ್ಮ ಓದುಗರಿಗೆ ಮುಂದಿನ ಭಾಗ ರುಚಿಸೀತು. ಬ್ರಾಂಡೆನ್‌ಬುರ್ಗ್ ರಾಜವಂಶದ ಆಲ್ಬ್ರೆಕ್ಟ್ ಎಂಬ ತರುಣನು ಆಗಲೇ ಮಾಗ್ಡೆಬುರ್ಗಿನ ಆರ್ಚ್‌ಬಿಷಪ್ಪನಾಗಿದ್ದನು. 1514ರಲ್ಲಿ ಮೈಂಟ್ಸ್ ನಗರದ ಆರ್ಚ್‌ಬಿಷಪ್ ಸ್ಥಾನವನ್ನೂ ಪಡೆದನು. ಒಬ್ಬನಿಗೆ ಎರಡು ಗಾದಿ ನಿಯಮಕ್ಕೆ ವಿರುದ್ಧ. ಆದರೆ ರೋಮಿಗೆ ದೊಡ್ಡ ಶುಲ್ಕ ಕಟ್ಟಿದರೆ ವಿನಾಯಿತಿ ಸಿಗುತ್ತಿತ್ತು. ಆ ಹಣಕ್ಕಾಗಿ ಅವನು ಔಗ್ಸ್‌ಬುರ್ಗಿನ ಫುಗ್ಗರ್ ಮನೆತನದ ಸಾಹುಕಾರರಿಂದ ಸಾಲ ಎತ್ತಿದನು. ಸಾಲ ತೀರಿಸುವ ಉಪಾಯವೇ ಕ್ಷಮಾಪತ್ರ. ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ, ಅರ್ಧ ಫುಗ್ಗರ್ ಸಾಲಕ್ಕೆ. ಪತ್ರ ಕೊಂಡ ರೈತನಿಗೆ ತಿಳಿದಿದ್ದುದು ಮೊದಲನೆಯ ಅರ್ಧ ಮಾತ್ರ.

1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲ್ ಪಾಠ ಹೇಳುತ್ತಿದ್ದ ಲೂಥರನು ಇದೇ ಆಲ್ಬ್ರೆಕ್ಟನಿಗೆ ಒಂದು ಪತ್ರ ಬರೆದು, ಅದರ ಜೊತೆಗೆ 95 ವಾದಾಂಶಗಳನ್ನು ಕಳುಹಿಸಿದನು. (ದೇವಾಲಯದ ಬಾಗಿಲಿಗೆ ಸುತ್ತಿಗೆಯಿಂದ ಹೊಡೆದನೆಂಬ ಚಿತ್ರ ಪ್ರಸಿದ್ಧವಾಗಿದೆ, ಅದು ನಡೆಯಿತೋ ಇಲ್ಲವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಪತ್ರ ಕಳುಹಿಸಿದ್ದು ಮಾತ್ರ ನಿಜ.) ವಾದಾಂಶಗಳು ಪಂಡಿತರ ಚರ್ಚೆಗೆಂದು ಲ್ಯಾಟಿನ್ ಭಾಷೆಯಲ್ಲಿದ್ದವು. ಪೋಪರಿಗೆ ಸತ್ತವರನ್ನು ಬಿಡಿಸುವ ಶಕ್ತಿಯಿದ್ದರೆ ಹಣ ಕೇಳದೆ ಬರಿಯ ಕರುಣೆಯಿಂದಲೇ ಏಕೆ ಎಲ್ಲರನ್ನೂ ಬಿಡಿಸಬಾರದು ಎಂಬಂಥ ಜನರ ಚುಚ್ಚುಮಾತುಗಳೂ ಅದರಲ್ಲಿದ್ದವು. ಆದರೆ ಮೊದಲನೆಯ ಅಂಶವೇ ಮುಖ್ಯವಾದದ್ದು. ಪಶ್ಚಾತ್ತಾಪವೆಂಬುದು ಒಂದು ದಿನದ ವಿಧಿಯಲ್ಲ, ಇಡೀ ಬಾಳಿನ ಕೆಲಸ ಎಂದು ಅದರ ಅರ್ಥ.

ಇದರ ಬೇರು ಒಂದು ಶಬ್ದದಲ್ಲಿದೆ. ಸುವಾರ್ತೆಯಲ್ಲಿ ಕ್ರಿಸ್ತನು ಜನರಿಗೆ ಹೇಳುವ ಒಂದು ಮಾತಿಗೆ ಹಳೆಯ ಲ್ಯಾಟಿನ್ ಬೈಬಲಿನಲ್ಲಿ 'ಪ್ರಾಯಶ್ಚಿತ್ತ ಮಾಡಿರಿ' ಎಂದು ಅರ್ಥವಾಗುವಂತಿತ್ತು. 1516ರಲ್ಲಿ ಎರಾಸ್ಮಸ್ ಎಂಬ ಮಹಾಪಂಡಿತನು ಮೂಲ ಗ್ರೀಕ್ ಪಾಠವನ್ನು ಅಚ್ಚು ಮಾಡಿಸಿದಾಗ, ಅಲ್ಲಿರುವ ಶಬ್ದದ ಅರ್ಥ ಮನಸ್ಸನ್ನು ತಿರುಗಿಸಿಕೊಳ್ಳುವುದು ಎಂದು ಓದಿದವರಿಗೆ ಕಾಣಿಸಿತು. ಪ್ರಾಯಶ್ಚಿತ್ತ ಮಾಡುವುದಾದರೆ ಪಾದ್ರಿ ಬೇಕು, ವಿಧಿ ಬೇಕು, ಲೆಕ್ಕ ಬೇಕು. ಮನಸ್ಸು ತಿರುಗಿಸುವುದಕ್ಕೆ ಯಾರ ರಸೀತಿ? ಒಂದು ಶಬ್ದದ ಭಾಷಾಂತರ ಇಷ್ಟು ದೊಡ್ಡ ಕಟ್ಟಡದ ಅಡಿಗಲ್ಲನ್ನು ಅಲುಗಿಸಿತು.

ಇಷ್ಟಾದರೂ ಇದು ಇನ್ನೂ ತತ್ತ್ವದ ಚರ್ಚೆಯೇ. ಆ ಕಾಲದಲ್ಲಿ ಕ್ಷಮಾಪತ್ರದ ವಿಷಯದಲ್ಲಿ ಪಂಡಿತರೊಳಗೆ ಭಿನ್ನಾಭಿಪ್ರಾಯಕ್ಕೆ ಎಡೆಯಿತ್ತು. ಪೋಪ್ ಹತ್ತನೆಯ ಲಿಯೋ ಅದನ್ನು ಸ್ಪಷ್ಟವಾಗಿ ವಿಧಿಸಿದ್ದು 1518ರ ನವೆಂಬರಿನಲ್ಲಿ, ಅಂದರೆ ಲೂಥರನು ಬರೆದ ಒಂದು ವರ್ಷದ ಮೇಲೆ. ಆದರೆ ಅದಕ್ಕೂ ಮುಂಚೆಯೇ ರೋಮಿನಿಂದ ಬಂದ ಉತ್ತರ ಬೇರೆ ದಿಕ್ಕಿನದಾಗಿತ್ತು. ಪೋಪರ ಆಸ್ಥಾನದ ಪಂಡಿತನಾದ ಪ್ರಿಯೆರಿಯಾಸ್ ಎಂಬವನು, ರೋಮಿನ ಸಭೆ ಮಾಡುತ್ತಿರುವುದನ್ನು ಮಾಡಲು ಅದಕ್ಕೆ ಅಧಿಕಾರವಿಲ್ಲವೆನ್ನುವವನೇ ಪಾಷಂಡಿ ಎಂದು ಬರೆದನು. ಆಫೀಸಿನಲ್ಲಿ ದುಡಿಯುವವರಿಗೆ ಈ ಧಾಟಿ ಹೊಸದಲ್ಲ. "ಈ ಲೆಕ್ಕ ತಪ್ಪಾಗಿದೆ" ಎಂದು ಗುಮಾಸ್ತನು ಟಿಪ್ಪಣಿ ಬರೆದರೆ, "ಲೆಕ್ಕ ಕೇಳಲು ನೀನು ಯಾರು?" ಎಂದು ಕಾಗದ ಹಿಂದಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಲೆಕ್ಕದ ಮಾತೇ ನಿಂತು ಹೋಗುತ್ತದೆ.

1518ರ ಅಕ್ಟೋಬರಿನಲ್ಲಿ ಔಗ್ಸ್‌ಬುರ್ಗಿನಲ್ಲಿ ಲೂಥರನನ್ನು ವಿಚಾರಿಸಿದ ಕಾರ್ಡಿನಲ್ ಕಾಯೆಟಾನ್ ಮಾತ್ರ ಸಾಮಾನ್ಯನಲ್ಲ, ಆ ಕಾಲದ ದೊಡ್ಡ ತತ್ತ್ವಜ್ಞ. ಅವನು ಲೂಥರನ ಬರೆಹವನ್ನು ಶ್ರದ್ಧೆಯಿಂದ ಓದಿದ್ದನು. ತನಗೆ ಕ್ಷಮೆ ದೊರಕಿತೆಂದು ನಂಬಿದವನಿಗೆ ಆ ನಂಬಿಕೆಯಿಂದಲೇ ಅದು ನಿಶ್ಚಯ ಎಂಬ ಲೂಥರನ ವಾದವನ್ನು ನೋಡಿ, ಇದು ಹೊಸ ಸಭೆಯನ್ನೇ ಕಟ್ಟಿದಂತಾಗುತ್ತದೆ ಎಂದು ಬರೆದಿಟ್ಟನು. ಲೂಥರನಿಗೇ ಆಗ ಅದು ತಿಳಿದಿರಲಿಲ್ಲ. ಎದುರಾಳಿ ಮೊದಲು ಕಂಡುಕೊಂಡನು.

ಮುಂದಿನ ವರ್ಷ, 1519ರ ಜೂನ್ ಮತ್ತು ಜುಲೈಯಲ್ಲಿ, ಲೈಪ್‌ಜಿಗ್ ನಗರದಲ್ಲಿ ನಡೆದ ವಾದಸಭೆಯೇ ನನ್ನ ಎಣಿಕೆಯಲ್ಲಿ ಈ ಕಥೆಯ ನಡುಗಂಬ. ಲೂಥರನ ಎದುರು ನಿಂತವನು ಯೋಹಾನ್ ಎಕ್, ವಾದದಲ್ಲಿ ಪಳಗಿದವನು. ಪೋಪರ ಅಧಿಕಾರ ದೇವರು ಕೊಟ್ಟದ್ದಲ್ಲ, ಮನುಷ್ಯರ ಏರ್ಪಾಡು ಎಂದು ಲೂಥರನು ವಾದಿಸಿದನು. ಎಕ್ಕನು, "ಇದನ್ನೇ ಅಲ್ಲವೆ ಯಾನ್ ಹುಸ್ ಹೇಳಿದ್ದು?" ಎಂದು ಎತ್ತಿಹಾಕಿದನು.

ಈ ಹೆಸರಿನ ಬಿಸಿ ತಿಳಿಯಬೇಕಾದರೆ 100 ವರ್ಷ ಹಿಂದಕ್ಕೆ ಹೋಗಬೇಕು. ಆಗ ಒಂದೇ ಕಾಲಕ್ಕೆ ಮೂವರು ತಾವೇ ಪೋಪ್ ಎಂದು ಕುಳಿತಿದ್ದರು. ಈ ಗೊಂದಲವನ್ನು ಬಗೆಹರಿಸಲು 1414ರಿಂದ 1418ರವರೆಗೆ ಕಾನ್‌ಸ್ಟಾನ್ಸ್ ನಗರದಲ್ಲಿ ಬಿಷಪ್ಪರ ಮಹಾಸಭೆ ಸೇರಿತು. ಮಹಾಸಭೆಯ ಅಧಿಕಾರ ನೇರವಾಗಿ ಕ್ರಿಸ್ತನಿಂದ ಬಂದದ್ದು, ಪೋಪರೂ ಅದಕ್ಕೆ ತಲೆಬಾಗಬೇಕು ಎಂದು ಆ ಸಭೆ 1415ರಲ್ಲಿ ನಿರ್ಣಯ ಮಾಡಿ, ಹಳೆಯ ಪೋಪರನ್ನು ಬದಿಗೆ ಸರಿಸಿ ಹೊಸಬನನ್ನು ಆರಿಸಿತು. ಸುಧಾರಣೆ ಬೇಕೆನ್ನುವವರಿಗೆಲ್ಲ ಈ ನಿರ್ಣಯ ಒಂದು ಆಸರೆಯಾಗಿತ್ತು. ಆದರೆ ಅದೇ ಮಹಾಸಭೆ ಅದೇ ವರ್ಷ ಜುಲೈ 6ರಂದು, ಚಕ್ರವರ್ತಿಯ ಅಭಯಪತ್ರ ಹಿಡಿದು ಬಂದಿದ್ದ ಬೊಹೀಮಿಯದ ಸುಧಾರಕ ಹುಸ್ಸನನ್ನು ಪಾಷಂಡಿಯೆಂದು ಬೆಂಕಿಗೆ ಕೊಟ್ಟಿತು. ಪೋಪರನ್ನು ತಿದ್ದಿದ ಕೈಯೇ ಸುಧಾರಕನನ್ನು ಸುಟ್ಟಿತು. ಇನ್ನು ಲೈಪ್‌ಜಿಗ್ ವಿಶ್ವವಿದ್ಯಾಲಯವಂತೂ ಪ್ರಾಗ್ ನಗರದಲ್ಲಿ ಹುಸ್ಸನ ಕಡೆಯವರ ಕೈ ಮೇಲಾದಾಗ ಅಲ್ಲಿಂದ ಹೊರಟುಬಂದ ಜರ್ಮನ್ ಅಧ್ಯಾಪಕರು 1409ರಲ್ಲಿ ಕಟ್ಟಿದ್ದು. ಅಂಥ ಊರಿನಲ್ಲಿ ಆ ಹೆಸರು!

ಲೂಥರನು ಮೊದಲು ಅದನ್ನು ನಿರಾಕರಿಸಿದನು. ಬಳಿಕ ಹುಸ್ಸನ ಮಾತುಗಳನ್ನು ಓದಿ ನೋಡಿ, ಕಾನ್‌ಸ್ಟಾನ್ಸಿನಲ್ಲಿ ಖಂಡಿತವಾದ ಕೆಲವು ಮಾತುಗಳು ಶುದ್ಧ ಕ್ರೈಸ್ತ ಮಾತುಗಳೇ ಎಂದನು. ಅಂದರೆ ಮಹಾಸಭೆಯೂ ತಪ್ಪಬಹುದು ಎಂದಾಯಿತು. ಎಕ್ಕನಿಗೆ ಬೇಕಾದದ್ದು ಅದೇ. ಪೋಪರ ಮೇಲೆ ದೂರು ಹೇಳಿ ಮಹಾಸಭೆಗೆ ಮೊರೆ ಹೋಗುವವನು ಮನೆಯೊಳಗಿನ ಜಗಳಗಂಟ. ಮಹಾಸಭೆಯನ್ನೂ ಒಪ್ಪದವನು ಹೊಸಿಲು ದಾಟಿದವನು. ಲೂಥರನ ಕೈಯಲ್ಲಿ ಆಮೇಲೆ ಉಳಿದದ್ದು ಶಾಸ್ತ್ರಗ್ರಂಥ ಒಂದೇ.

ನಮ್ಮಂಥ ಒಂದು ಸಂಘವನ್ನೇ ಊಹಿಸಿಕೊಳ್ಳಿ. ಯಾವುದೋ ವಸೂಲಿ ನಿಯಮಕ್ಕೆ ವಿರುದ್ಧವೆಂದು ಒಬ್ಬ ಸದಸ್ಯನ ದೂರು. "ನಿಯಮಾವಳಿಯ ಅರ್ಥ ಹೇಳುವವರು ನಾವು" ಎಂದು ಕಾರ್ಯಕಾರಿ ಸಮಿತಿಯ ಉತ್ತರ. "ಹಾಗಾದರೆ ಸರ್ವಸದಸ್ಯರ ಸಭೆ ಕರೆಯಿರಿ." "ಸಭೆ ಕರೆಯುವ ಅಧಿಕಾರವೂ ನಮ್ಮದೇ." 1520ರಲ್ಲಿ ಲೂಥರನು ಜರ್ಮನಿಯ ಪ್ರಭುಗಳನ್ನು ಉದ್ದೇಶಿಸಿ ಬರೆದ ಪುಸ್ತಕದಲ್ಲಿ ಇಂಥ ಮೂರು ಗೋಡೆಗಳನ್ನು ಎಣಿಸಿದನು: ಪಾದ್ರಿಗಳ ಮೇಲೆ ದೊರೆಗಳ ಅಧಿಕಾರ ನಡೆಯದು, ಶಾಸ್ತ್ರದ ಅರ್ಥ ಹೇಳುವವರು ಪೋಪರು ಮಾತ್ರ, ಮಹಾಸಭೆ ಕರೆಯುವವರೂ ಅವರೊಬ್ಬರೇ. (ಪೋಪರ ತೀರ್ಪಿನ ಮೇಲೆ ಮಹಾಸಭೆಗೆ ಅಪೀಲು ಹೋಗಕೂಡದೆಂದು 1460ರಲ್ಲೇ ಪೋಪ್ ಎರಡನೆಯ ಪಯಸನು ಆಜ್ಞೆ ಹೊರಡಿಸಿದ್ದನು.) ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬನೂ ಒಂದರ್ಥದಲ್ಲಿ ಯಾಜಕನೇ, ಆದುದರಿಂದ ಮನೆಗೆ ಬೆಂಕಿ ಬಿದ್ದಾಗ ಯಾರು ಬೇಕಾದರೂ ಕೂಗಿ ಕರೆಯಬಹುದು ಎಂಬುದು ಅವನ ವಾದ.

ಉಳಿದದ್ದು ಬೇಗ ನಡೆಯಿತು. 1520ರ ಜೂನಿನಲ್ಲಿ ಪೋಪರ ಆಜ್ಞಾಪತ್ರ ಅವನ 41 ಮಾತುಗಳನ್ನು ಖಂಡಿಸಿತು. ಡಿಸೆಂಬರ್ 10ರಂದು ಲೂಥರನು ಅದನ್ನು ಸಭಾಕಾನೂನಿನ ಪುಸ್ತಕಗಳ ಜೊತೆಗೆ ಬೆಂಕಿಗೆ ಹಾಕಿದನು. 1521ರ ಜನವರಿಯಲ್ಲಿ ಬಹಿಷ್ಕಾರ. ಏಪ್ರಿಲಿನಲ್ಲಿ ವೋರ್ಮ್ಸ್ ನಗರದಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಎದುರು ನಿಂತು, ಶಾಸ್ತ್ರದಿಂದ ಅಥವಾ ಸ್ಪಷ್ಟವಾದ ಯುಕ್ತಿಯಿಂದ ತೋರಿಸಿಕೊಟ್ಟ ಹೊರತು ಮಾತು ಹಿಂದೆಗೆಯುವುದಿಲ್ಲವೆಂದನು. ತನ್ನ ದೊರೆಯ ಆಶ್ರಯದಲ್ಲಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದು ಹೊಸ ಒಡಂಬಡಿಕೆಯನ್ನು ಜನರ ಜರ್ಮನ್ ಭಾಷೆಗೆ ತಂದನು. 1522ರ ಸೆಪ್ಟೆಂಬರಿನಲ್ಲಿ ಅದು ಅಚ್ಚಾಗಿ ಹೊರಬಂತು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟುವುದುಂಟು. ಆದರೆ ಕಷ್ಟದ ಭಾಗ ಇಲ್ಲಿಂದಲೇ ಆರಂಭ. ಪುಸ್ತಕ ಎಲ್ಲರ ಕೈಗೂ ಬಂತು, ಸರಿ. ಇಬ್ಬರು ಎರಡು ಅರ್ಥ ಮಾಡಿದರೆ ತೀರ್ಪು ಯಾರದು? ದೇವರ ಮುಂದೆ ಎಲ್ಲರೂ ಸಮಾನರೆಂದು ಓದಿದ ರೈತರು 1524ರಲ್ಲಿ ಜೀತದ ವಿರುದ್ಧ ಎದ್ದರು. ಲೂಥರನು ಅವರ ಕೈಬಿಟ್ಟುದಲ್ಲದೆ, ಅವರನ್ನು ಬಡಿದು ಹಾಕಿರೆಂದು ಪ್ರಭುಗಳಿಗೆ ಬರೆದನು. 1525ರಲ್ಲಿ ದಂಗೆ ರಕ್ತದಲ್ಲಿ ಮುಳುಗಿತು. ದುಡಿಯುವ ಜನರಾದ ನಾವು ಇದನ್ನು ಸುಲಭವಾಗಿ ಮನ್ನಿಸಲಾರೆವು. ಜೂರಿಕ್ ನಗರದಲ್ಲಿ, ಎಳೆಯ ಶಿಶುವಿಗೆ ದೀಕ್ಷಾಸ್ನಾನ ಕೊಡುವುದು ಶಾಸ್ತ್ರದಲ್ಲಿಲ್ಲ ಎಂದ ಫೆಲಿಕ್ಸ್ ಮಾಂಟ್ಸನನ್ನು 1527ರ ಜನವರಿಯಲ್ಲಿ ಹೊಳೆಯಲ್ಲಿ ಮುಳುಗಿಸಿ ಕೊಂದವರು ಪೋಪರ ಕಡೆಯವರಲ್ಲ, ಸುಧಾರಣೆಯನ್ನು ಒಪ್ಪಿದ ನಗರಸಭೆಯವರು. 1529ರಲ್ಲಿ ಮಾರ್‌ಬುರ್ಗಿನಲ್ಲಿ ಲೂಥರನೂ ಜೂರಿಕಿನ ತ್ಸ್ವಿಂಗ್ಲಿಯೂ ಕೂಡಿ ಕುಳಿತು 15 ಅಂಶಗಳಲ್ಲಿ 14ನ್ನು ಒಪ್ಪಿದರು. ಪ್ರಸಾದದ ರೊಟ್ಟಿಯಲ್ಲಿ ಕ್ರಿಸ್ತನ ಶರೀರ ನಿಜವಾಗಿ ಇದೆಯೋ, ಅದು ಸಂಕೇತವೋ ಎಂಬ ಒಂದಂಶದಲ್ಲಿ ಬೇರೆಯಾದರು. ಇಬ್ಬರೂ ತೋರಿಸಿದ್ದು ಒಂದೇ ಗ್ರಂಥದ ಒಂದೇ ವಾಕ್ಯವನ್ನು.

ಆದಕಾರಣ ಸುಧಾರಕರೇ ತತ್ತ್ವವನ್ನು ಬರೆದಿಡಬೇಕಾಯಿತು, ಅಧಿಕಾರವನ್ನೂ ಕಟ್ಟಬೇಕಾಯಿತು. ಸ್ಯಾಕ್ಸನಿಯ ಹಳ್ಳಿಗಳ ತಪಾಸಣೆಗೆ ಹೋಗಿ ಜನರ, ಎಷ್ಟೋ ಕಡೆ ಪಾದ್ರಿಗಳ, ಅಜ್ಞಾನವನ್ನು ಕಂಡು ಗಾಬರಿಯಾದ ಲೂಥರನು 1529ರಲ್ಲಿ ಪ್ರಶ್ನೋತ್ತರ ರೂಪದ ಚಿಕ್ಕ ಪಾಠಪುಸ್ತಕ ಬರೆದನು. 1530ರ ಜೂನ್ 25ರಂದು ಅವನ ಮಿತ್ರ ಮೆಲಾಂಕ್ಟನ್ ಬರೆದ 28 ಪ್ರಕರಣಗಳ ಮತಪ್ರಕಟಣೆಯನ್ನು ಔಗ್ಸ್‌ಬುರ್ಗಿನಲ್ಲಿ ಚಕ್ರವರ್ತಿಯ ಮುಂದೆ ಓದಲಾಯಿತು. ಬಿಷಪ್ಪನು ಕೂರುತ್ತಿದ್ದ ಜಾಗದಲ್ಲಿ ದೊರೆಯ ಅಧಿಕಾರಿಗಳು ಕೂತರು. ಜಿನೀವದಲ್ಲಿ ಕಾಲ್ವಿನನು 1541ರಲ್ಲಿ ಪಾದ್ರಿಗಳು, ಅಧ್ಯಾಪಕರು, ಹಿರಿಯರು, ಸೇವಕರು ಎಂದು ಸಭೆಯ ಆಡಳಿತಕ್ಕೆ ನಿಯಮ ಮಾಡಿದನು. ಅದೇ ಜಿನೀವದಲ್ಲಿ 1553ರ ಅಕ್ಟೋಬರ್ 27ರಂದು, ದೇವರ ತ್ರೈಕ್ಯವನ್ನು ಅಲ್ಲಗಳೆದ ವೈದ್ಯ ಸರ್ವೆಟಸನನ್ನು ಸುಟ್ಟರು. ಒಬ್ಬ ಮನುಷ್ಯನನ್ನು ಕೊಂದರೆ ತತ್ತ್ವದ ರಕ್ಷಣೆಯಾಗದು, ಕೊಲೆ ಮಾತ್ರ ಆಗುತ್ತದೆ ಎಂಬ ಅರ್ಥದ ಮಾತನ್ನು ಬಾಸೆಲ್ ನಗರದಲ್ಲಿದ್ದ ಕಾಸ್ಟೆಲಿಯೋ ಎಂಬ ಅಧ್ಯಾಪಕನು ಆಗಲೇ ಬರೆದನು. ಅವನ ಆ ಪುಸ್ತಕ ಅಚ್ಚಾದದ್ದು ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, 1612ರಲ್ಲಿ.

ಈ ನಡುವೆ ಒಡಕನ್ನು ಕೂಡಿಸುವ ಒಂದು ಪ್ರಯತ್ನವಾಯಿತು. ಅದನ್ನು ಪಠ್ಯಪುಸ್ತಕಗಳು ಹೇಳುವುದೇ ಇಲ್ಲ. 1541ರಲ್ಲಿ ರೇಗೆನ್ಸ್‌ಬುರ್ಗಿನಲ್ಲಿ ಎರಡೂ ಕಡೆಯ ಪಂಡಿತರನ್ನು ಚಕ್ರವರ್ತಿ ಕೂಡಿಸಿದನು. ಒಂದು ಕಡೆ ಮೆಲಾಂಕ್ಟನ್, ಬೂಟ್ಸರ್. ಇನ್ನೊಂದು ಕಡೆ ಹಳೆಯ ಎದುರಾಳಿ ಎಕ್ ಮತ್ತಿತರರು. ಪೋಪರ ಪ್ರತಿನಿಧಿಯಾಗಿ ವೆನಿಸ್ಸಿನ ಕಾರ್ಡಿನಲ್ ಕಾಂಟರೀನಿ, ಸಾತ್ತ್ವಿಕ ಸ್ವಭಾವದವನು. ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದಲೋ, ಸತ್ಕಾರ್ಯದಿಂದಲೋ? ಇದು ಲೂಥರನ ಇಡೀ ಹೋರಾಟದ ಹೃದಯವಾಗಿದ್ದ ಪ್ರಶ್ನೆ. ಆಶ್ಚರ್ಯವೆಂದರೆ ಅದರಲ್ಲಿ ಇಬ್ಬರಿಗೂ ಒಪ್ಪಿಗೆಯಾದ ಒಂದು ಬರೆಹ ಸಿದ್ಧವಾಯಿತು! ಮಾತು ಮುರಿದದ್ದು ಬೇರೆ ಕಡೆ: ಪ್ರಸಾದದ ಸ್ವರೂಪ, ಪಾಪನಿವೇದನೆ, ಮಹಾಸಭೆಗಳ ಮತ್ತು ಸಭೆಯ ಅಧಿಕಾರ. ಒಪ್ಪಿದ ಆ ಒಂದು ಬರೆಹವನ್ನೂ ಲೂಥರನು ತೇಪೆ ಹಾಕಿದ್ದೆಂದು ತಳ್ಳಿದನು, ರೋಮಿನವರೂ ಒಪ್ಪಲಿಲ್ಲ. ಕಾಂಟರೀನಿ ಮರುವರ್ಷ ತೀರಿಕೊಂಡನು.

ಕಡೆಗೆ ರೋಮಿನ ಕಡೆಯ ಮಹಾಸಭೆ 1545ರ ಡಿಸೆಂಬರ್ 13ರಂದು ಟ್ರೆಂಟ್ ಎಂಬ ಬೆಟ್ಟದ ಊರಿನಲ್ಲಿ ಸೇರಿತು. 95 ವಾದಾಂಶಗಳಾಗಿ 28 ವರ್ಷ ಕಳೆದಿತ್ತು. ಮೊದಲ ದಿನ ಕೂಡಿದ್ದವರು ಸುಮಾರು 30 ಮಂದಿ ಹಿರಿಯ ಪಾದ್ರಿಗಳು. ಮೊದಲು ಆಡಳಿತ ತಿದ್ದಿರೆಂದು ಚಕ್ರವರ್ತಿ, ಮೊದಲು ತತ್ತ್ವ ನಿರ್ಣಯವಾಗಲೆಂದು ಪೋಪರು. ಕೊನೆಗೆ ಎರಡನ್ನೂ ಜೊತೆಜೊತೆಯಾಗಿ ನಡೆಸುವುದೆಂದು ರಾಜಿಯಾಯಿತು. ತತ್ತ್ವದಲ್ಲಿ ಅದು ಕದಲಲಿಲ್ಲ. ಶಾಸ್ತ್ರಗ್ರಂಥಕ್ಕೂ ಅಪೊಸ್ತಲರಿಂದ ಬಂದ ಪರಂಪರೆಗೂ ಸಮಾನ ಗೌರವವೆಂದು 1546ರಲ್ಲಿ ವಿಧಿಸಿತು. 1547ರಲ್ಲಿ ಕೇವಲ ನಂಬಿಕೆಯಿಂದ ಎಂಬ ವಾದವನ್ನು ಖಂಡಿಸಿತು. ಆದರೆ ಆಡಳಿತದಲ್ಲಿ ಕೈಬಿಟ್ಟದ್ದನ್ನು ನೋಡಿ: ಹಣ ಎತ್ತುತ್ತಿದ್ದ ಕ್ಷಮಾಪತ್ರ ಪ್ರಚಾರಕರ ಹುದ್ದೆಯನ್ನೇ 1562ರಲ್ಲಿ ತೆಗೆದುಹಾಕಿತು. ಬಿಷಪ್ಪನಾದವನು ತನ್ನ ಪ್ರಾಂತದಲ್ಲೇ ವಾಸ ಮಾಡಬೇಕೆಂದಿತು. ಪಾದ್ರಿಯಾಗುವವನಿಗೆ ಶಿಕ್ಷಣ ಕೊಡಲು ಪ್ರತಿ ಪ್ರಾಂತದಲ್ಲೂ ಗುರುಮಠ ಬೇಕೆಂದು 1563ರಲ್ಲಿ ವಿಧಿಸಿತು. ಲೂಥರನು ಮೊದಲು ಬೆರಳಿಟ್ಟು ತೋರಿಸಿದ ಅಂಗಡಿ ಹೀಗೆ ಮುಚ್ಚಿತು. ಆ ತತ್ತ್ವ ಮಾತ್ರ ಉಳಿಯಿತು. ಅವನು ಅದನ್ನು ನೋಡಲಿಲ್ಲ, 1546ರಲ್ಲೇ ತೀರಿಹೋಗಿದ್ದನು. 1563ರ ಡಿಸೆಂಬರ್ 4ರಂದು ಮಹಾಸಭೆ ಮುಗಿಯಿತು. 1564ರ ಜನವರಿಯಲ್ಲಿ ಪೋಪ್ ನಾಲ್ಕನೆಯ ಪಯಸನು ಅದರ ನಿರ್ಣಯಗಳಿಗೆ ಒಪ್ಪಿಗೆ ಕೊಟ್ಟನು. ರೋಮಿನ ಅಪ್ಪಣೆಯಿಲ್ಲದೆ ಯಾರೂ ಇವುಗಳಿಗೆ ಟೀಕೆ ಟಿಪ್ಪಣಿ ಬರೆದು ಪ್ರಕಟಿಸಕೂಡದೆಂದೂ ಜೊತೆಗೆ ಆಜ್ಞಾಪಿಸಿದನು. ನಿರ್ಣಯ ಮಹಾಸಭೆಯದು, ಅರ್ಥ ಹೇಳುವ ಅಧಿಕಾರ ರೋಮಿನದು.

ಇನ್ನು ನಮ್ಮ ಮಿತ್ರರ ಚಾಳಿಗೆ ಬರೋಣ. ಮೊದಲನೆಯ ಮನೆಯವರು ರೋಮನ್ ಕಥೋಲಿಕರು. ಟ್ರೆಂಟಿನ ಮಹಾಸಭೆ ಅವರ ಹಿರಿಯರ ಆಸ್ತಿ. ಎರಡನೆಯವರ ಹಿರಿಯರನ್ನು ಸಭೆಗೆ ಸೇರಿಸಿದ್ದು 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್. ನಮ್ಮ ಭಾಷೆಯ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, 1894ರ ಮಹಾನಿಘಂಟಿನ ಕಿಟ್ಟೆಲ್, ಇಬ್ಬರೂ ಆ ಮಿಶನ್ನಿನವರೇ. ಮಾರ್‌ಬುರ್ಗಿನಲ್ಲಿ ಬೇರೆಯಾಗಿದ್ದ ಲೂಥರನ ಕಡೆಯವರೂ ಸ್ವಿಸ್ ಕಡೆಯವರೂ ಆ ಮಿಶನ್ನಿನಲ್ಲಿ ಕೂಡಿ ದುಡಿದರು.

ದಕ್ಷಿಣ ಭಾರತದಲ್ಲಿ ಇನ್ನೂ ಒಂದು ಕೂಟ ನಡೆಯಿತು. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ 28 ವರ್ಷ ನಡೆದು, 1947ರ ಸೆಪ್ಟೆಂಬರ್ 27ರಂದು ಅಂದಿನ ಮದರಾಸಿನ ಸಂತ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಆಯಿತು. (ಮದರಾಸಿನ ಸದಸ್ಯರು ಬಸ್ಸಿನಿಂದ ಎಷ್ಟೋ ಸಲ ನೋಡಿರುವ ಕಟ್ಟಡವದು.) ಅಷ್ಟು ಕಾಲ ಹಿಡಿದದ್ದಕ್ಕೆ ದೊಡ್ಡ ಕಾರಣ ಮತ್ತೆ ಅದೇ: ಬಿಷಪ್ ಬೇಕೆ, ಬೇಡವೆ? ಬಿಷಪ್ಪನ ಕೈಯಿಂದ ದೀಕ್ಷೆ ಪಡೆಯದವನು ಪಾದ್ರಿಯೆ? ಬಿಷಪ್ ಇರಲಿ, ಮುಂದಿನ ದೀಕ್ಷೆಗಳೆಲ್ಲ ಅವರ ಕೈಯಿಂದಲೇ ಆಗಲಿ, ಈಗಾಗಲೇ ಪಾದ್ರಿಗಳಾಗಿರುವವರಿಗೆ ಮತ್ತೊಮ್ಮೆ ದೀಕ್ಷೆ ಬೇಡ ಎಂದು ತೀರ್ಮಾನಿಸಿಕೊಂಡರು.

ರೋಮಿಗೂ ಲೂಥರನ ಕಡೆಯವರಿಗೂ ನಡೆದದ್ದು ಇನ್ನೂ ಕುತೂಹಲಕರ. ಜನರ ಭಾಷೆಯಲ್ಲಿ ಪೂಜೆಯಾಗಲಿ ಎಂಬ ಲೂಥರನ ಹಳೆಯ ಬೇಡಿಕೆಗೆ 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಬಾಗಿಲು ತೆರೆಯಿತು. ಬಳಿಕ 1999ರ ಅಕ್ಟೋಬರ್ 31ರಂದು, ಅದೇ ಔಗ್ಸ್‌ಬುರ್ಗಿನಲ್ಲಿ, ಎರಡೂ ಕಡೆಯ ಪ್ರತಿನಿಧಿಗಳು ಒಂದು ಜಂಟಿ ಘೋಷಣೆಗೆ ರುಜು ಹಾಕಿದರು. ಮನುಷ್ಯನು ನೀತಿವಂತನೆನಿಸುವುದು ದೇವರ ಕೃಪೆಯಿಂದಲೇ ಎಂಬ ಮೂಲ ಸಂಗತಿಯಲ್ಲಿ ತಾವು ಒಂದೇ, ಆ ಕಾಲದ ಖಂಡನೆಗಳು ಈ ಘೋಷಣೆಯಲ್ಲಿ ಹೇಳಿರುವ ಬೋಧನೆಗೆ ತಗಲುವುದಿಲ್ಲ ಎಂದರು. ರೇಗೆನ್ಸ್‌ಬುರ್ಗಿನಲ್ಲಿ ಕೈತಪ್ಪಿದ್ದು 458 ವರ್ಷಗಳ ಮೇಲೆ ಕೈಗೆ ಸಿಕ್ಕಿತು. ಪೋಪರ ಅಧಿಕಾರ, ಪಾದ್ರಿಯ ದೀಕ್ಷೆ, ಪ್ರಸಾದದ ಮೇಜು ಇವುಗಳಲ್ಲಿ ಮಾತ್ರ ರೇಗೆನ್ಸ್‌ಬುರ್ಗಿನಲ್ಲಿ ಎಲ್ಲಿ ನಿಂತಿದ್ದರೋ ಹೆಚ್ಚುಕಡಿಮೆ ಅಲ್ಲೇ ನಿಂತಿದ್ದಾರೆ.

ಇದನ್ನೆಲ್ಲ ಹೇಳಿದಾಗ ನಮ್ಮ ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಂಬಿಕೆ ಒಂದೇ, ರುಜು ಯಾರದು ಅನ್ನೋದೇ ತಕರಾರು" ಎಂದರು. ಅಷ್ಟು ಸುಲಭವಲ್ಲ ಎಂದೆ. ಯಾರ ರುಜು ಸಲ್ಲುತ್ತದೆ ಎಂಬುದೂ ಆ ಎರಡು ಮನೆಯವರಿಗೆ ನಂಬಿಕೆಯ ಮಾತೇ. ಅವರು ಒಪ್ಪಲಿಲ್ಲ. ಬರುವ ಭಾನುವಾರ ಆ ಇಬ್ಬರು ನೆರೆಯವರನ್ನೂ ವಾಚನಾಲಯಕ್ಕೆ ಕರೆತರುವುದಾಗಿ ಹೇಳಿ, ಕೊಡೆ ಎತ್ತಿಕೊಂಡು ಹೊರಟರು.